ಬಾಣಸಿಗರ ವಿದೇಶಿ ಉದ್ಯೋಗ ವೀಸಾ

ಬಾಣಸಿಗರ ವಿದೇಶಿ ಉದ್ಯೋಗ ವೀಸಾ ಎಂಬುದು ಅಡುಗೆ ವೃತ್ತಿಯವರು ಬೇರೊಂದು ದೇಶದಲ್ಲಿ ವೇತನಕ್ಕಾಗಿ ದುಡಿಯಲು ಆ ದೇಶದ ಸರ್ಕಾರವು ನೀಡುವ ಅನುಮತಿಯಾಗಿದೆ. ಬಹುತೇಕ ದೇಶಗಳಲ್ಲಿ ಇದು ನಿರ್ದಿಷ್ಟ ಉದ್ಯೋಗದಾತರಿಗೆ ಸೀಮಿತವಾಗಿರುತ್ತದೆ. ಆದ್ದರಿಂದ ಮೊದಲು ಕೆಲಸದ ಒಪ್ಪಂದ, ಅನಂತರ ವೀಸಾ ಎಂಬುದು ಸಾಮಾನ್ಯ ಕ್ರಮ. ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳಿಂದ ತೆರಳುವ ಅಡುಗೆಯವರಿಗೂ ಭಾರತದ ವಲಸೆ ಕಾನೂನು ಹಾಗೂ ಹೋಗುವ ದೇಶದ ವೀಸಾ ನಿಯಮ ಎರಡೂ ಅನ್ವಯಿಸುತ್ತವೆ.

ಭಾರತದ ನಿಯಮಗಳು

1983ರ ವಲಸೆ ಕಾಯ್ದೆಯ ಪ್ರಕಾರ, ಇಸಿಆರ್ (ವಲಸೆ ಅನುಮತಿ ಅಗತ್ಯ) ವರ್ಗದ ಪಾಸ್‌ಪೋರ್ಟ್ ಹೊಂದಿರುವವರು ಸೌದಿ ಅರೇಬಿಯಾ, ಕುವೈತ್, ಕತಾರ್, ಒಮಾನ್, ಬಹ್ರೇನ್, ಯುಎಇ, ಮಲೇಷ್ಯಾ ಸೇರಿದಂತೆ 18 ದೇಶಗಳಿಗೆ ಉದ್ಯೋಗಕ್ಕಾಗಿ ತೆರಳುವ ಮುನ್ನ ವಲಸಿಗರ ಸಂರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕು. ಹತ್ತನೆಯ ತರಗತಿ ಉತ್ತೀರ್ಣರಾದವರಿಗೆ ಈ ಅನುಮತಿಯ ಅಗತ್ಯವಿಲ್ಲ. ಅರ್ಜಿಯನ್ನು ‘ಇ-ಮೈಗ್ರೇಟ್’ ಜಾಲತಾಣದ ಮೂಲಕ ಸಲ್ಲಿಸಲಾಗುತ್ತದೆ. ಬೆಂಗಳೂರು ಮತ್ತು ಹೈದರಾಬಾದ್ ಎರಡರಲ್ಲೂ ಸಂರಕ್ಷಣಾಧಿಕಾರಿಯ ಕಚೇರಿಗಳಿವೆ. ಈ ವರ್ಗದ ಕಾರ್ಮಿಕರಿಗೆ ‘ಪ್ರವಾಸಿ ಭಾರತೀಯ ಬೀಮಾ ಯೋಜನೆ’ ಕಡ್ಡಾಯವಾಗಿದ್ದು, ಅಪಘಾತದಿಂದ ಮರಣ ಅಥವಾ ಶಾಶ್ವತ ಅಂಗವೈಕಲ್ಯ ಉಂಟಾದರೆ 10 ಲಕ್ಷ ರೂಪಾಯಿಗಳ ವಿಮೆ ದೊರೆಯುತ್ತದೆ.

ಪ್ರಮುಖ ದೇಶಗಳ ವೀಸಾಗಳು

ಕೊಲ್ಲಿ ರಾಷ್ಟ್ರಗಳು: ಇಲ್ಲಿ ಉದ್ಯೋಗದಾತರೇ ವೀಸಾದ ಪ್ರಾಯೋಜಕರು. ಹೋಟೆಲಿನ ಅಡುಗೆಯವರು ಮತ್ತು ಮನೆಯ ಅಡುಗೆಯವರು ಬೇರೆ ಬೇರೆ ವರ್ಗಗಳಿಗೆ ಸೇರುತ್ತಾರೆ. ಉದಾಹರಣೆಗೆ, ಕುವೈತ್‌ನಲ್ಲಿ ಖಾಸಗಿ ಸಂಸ್ಥೆಯ ನೌಕರರಿಗೆ 18ನೆಯ ವಿಧಿಯ, ಮನೆಗೆಲಸದವರಿಗೆ 20ನೆಯ ವಿಧಿಯ ವೀಸಾ ನೀಡಲಾಗುತ್ತದೆ. ಎರಡಕ್ಕೂ ಅನ್ವಯಿಸುವ ಕಾರ್ಮಿಕ ಕಾನೂನುಗಳು ಭಿನ್ನವಾಗಿರುವುದರಿಂದ ವೀಸಾದಲ್ಲಿ ನಮೂದಾದ ಹುದ್ದೆಯ ಹೆಸರು ಮಹತ್ವದ್ದಾಗಿದೆ.

ಜಪಾನ್: ವಿದೇಶಿ ಶೈಲಿಯ ಅಡುಗೆಯ ಪರಿಣತರಿಗೆ ‘ಕುಶಲ ಕಾರ್ಮಿಕ’ ವರ್ಗವಿದೆ. ಇದಕ್ಕೆ ಭಾರತೀಯ ಅಡುಗೆಯವರು, ತರಬೇತಿಯ ಅವಧಿಯೂ ಸೇರಿ, 10 ವರ್ಷಗಳ ಅನುಭವವನ್ನು ದಾಖಲೆಗಳಿಂದ ಸಾಬೀತುಪಡಿಸಬೇಕು. 2019ರಲ್ಲಿ ಆರಂಭವಾದ ‘ನಿರ್ದಿಷ್ಟ ಕುಶಲ ಕಾರ್ಮಿಕ’ ವ್ಯವಸ್ಥೆಯಲ್ಲಿ ಆಹಾರ ಸೇವಾ ಕ್ಷೇತ್ರವೂ ಇದ್ದು, ಅದಕ್ಕೆ ಕೌಶಲ ಮತ್ತು ಜಪಾನಿ ಭಾಷಾ ಪರೀಕ್ಷೆಗಳಿವೆ.

ಜರ್ಮನಿ: ತಮ್ಮ ದೇಶದ ಅಡುಗೆಯನ್ನು ಬಡಿಸುವ ವಿಶೇಷ ರೆಸ್ಟೋರೆಂಟುಗಳಲ್ಲಿ ದುಡಿಯುವ ಬಾಣಸಿಗರಿಗೆ, ಒಕ್ಕೂಟ ಉದ್ಯೋಗ ಸಂಸ್ಥೆಯ ಒಪ್ಪಿಗೆಯೊಂದಿಗೆ ಗರಿಷ್ಠ 4 ವರ್ಷಗಳ ಅನುಮತಿ ದೊರೆಯುತ್ತದೆ.

ಬ್ರಿಟನ್: 2025ರ ಜುಲೈ 22ರಿಂದ ‘ಸ್ಕಿಲ್ಡ್ ವರ್ಕರ್’ ವೀಸಾದ ಕೌಶಲ ಮಟ್ಟವನ್ನು ಪದವಿ ಹಂತಕ್ಕೆ ಏರಿಸಿದ್ದರಿಂದ ಹೊಸದಾಗಿ ಹೋಗುವ ಬಾಣಸಿಗರಿಗೆ ಈ ದಾರಿ ಮುಚ್ಚಿದೆ.

ಆಸ್ಟ್ರೇಲಿಯಾ ಮತ್ತು ಕೆನಡಾ: ಆಸ್ಟ್ರೇಲಿಯಾದಲ್ಲಿ ಉದ್ಯೋಗದಾತರ ಪ್ರಾಯೋಜನೆಯ 482 ಉಪವರ್ಗದ ವೀಸಾ ಇದೆ. ಕೆನಡಾದಲ್ಲಿ ಸಾಮಾನ್ಯವಾಗಿ ಉದ್ಯೋಗದಾತರು ಮೊದಲು ಕಾರ್ಮಿಕ ಮಾರುಕಟ್ಟೆ ಪರಿಣಾಮದ ಮೌಲ್ಯಮಾಪನ ಪಡೆಯಬೇಕಾಗುತ್ತದೆ.

ದಾಖಲೆಗಳು

ಮದುವೆಯ ಅಡುಗೆ, ಖಾನಾವಳಿ ಅಥವಾ ಧಾಬಾಗಳಲ್ಲಿ ಕೆಲಸ ಕಲಿತವರಿಗೆ ಕೈಚಳಕವಿದ್ದರೂ ಅನುಭವ ಪತ್ರ, ವೇತನ ಚೀಟಿಗಳಂತಹ ಪುರಾವೆ ಇಲ್ಲದಿದ್ದರೆ ಅರ್ಜಿ ತಿರಸ್ಕೃತವಾಗಬಹುದು. ‘ಪೂರ್ವ ಕಲಿಕೆಯ ಮಾನ್ಯತೆ’ ಯೋಜನೆಯಡಿ ಕೌಶಲ ಪ್ರಮಾಣಪತ್ರ ಪಡೆಯಬಹುದಾದರೂ, ಅದು ಉದ್ಯೋಗದಾತರ ಅನುಭವ ಪತ್ರಕ್ಕೆ ಪರ್ಯಾಯವಾಗುವುದಿಲ್ಲ.

ವಂಚನೆ ಮತ್ತು ಮುನ್ನೆಚ್ಚರಿಕೆ

ವಿದೇಶಿ ಉದ್ಯೋಗಕ್ಕೆ ನೇಮಿಸುವ ಏಜೆಂಟರು ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿ ಹೊಂದಿರಬೇಕು. ಅವರ ನೋಂದಣಿ ಸಂಖ್ಯೆಯನ್ನು ಇ-ಮೈಗ್ರೇಟ್‌ನಲ್ಲಿ ಪರಿಶೀಲಿಸಬಹುದು. ಅವರು ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಭೇಟಿ ವೀಸಾದಲ್ಲಿ ಕಳುಹಿಸಿ, ಅಲ್ಲಿ ಉದ್ಯೋಗ ವೀಸಾಕ್ಕೆ ಬದಲಿಸುವ ಭರವಸೆ ನೀಡುವುದು ವಂಚನೆಯ ಸಾಮಾನ್ಯ ರೂಪ. ಹೀಗೆ ಹೋಗಿ ಕೆಲಸ ಮಾಡುವವರು ದಂಡ, ಬಂಧನ ಅಥವಾ ಗಡೀಪಾರಿಗೆ ಗುರಿಯಾಗಬಹುದು. ವೇತನ ಬಾಕಿ ಉಳಿದರೂ ತೋರಿಸಲು ನೋಂದಾಯಿತ ಒಪ್ಪಂದ ಅವರ ಬಳಿ ಇರುವುದಿಲ್ಲ.