ಕೇರಿಯ ಮರದ ವೆಚ್ಚ: ಹರಕೆ, ಪಾಳಿ ಮತ್ತು ಅನುದಾನ

ಹಳಗನ್ನಡದಲ್ಲಿ 'ಪೊಳಲ್' ಎಂದರೆ ಪಟ್ಟಣ. ಬಂಟ್ವಾಳ ತಾಲೂಕಿನ ಕರಿಯಂಗಳ ಗ್ರಾಮದಲ್ಲಿ, ಫಲ್ಗುಣಿ ನದಿಯ ಬಳಿಯಿರುವ ಪೊಳಲಿಯ ಹೆಸರನ್ನು ಈ ಪದದೊಂದಿಗೆ ಜೋಡಿಸಿ ನೋಡುವ ವಾಡಿಕೆಯುಂಟು. ಆ ನಿಷ್ಪತ್ತಿಯ ಚರ್ಚೆ ಇಲ್ಲಿ ಪ್ರಸ್ತುತವಲ್ಲ. ಇಂದಿನ ಪಟ್ಟಣಗಳ ಬಡ ಕೇರಿಗಳಲ್ಲಿ ಮರ ನೆಟ್ಟು ಉಳಿಸುವ ವೆಚ್ಚವನ್ನು ಯಾರು, ಯಾವ ರೂಪದಲ್ಲಿ ಹೊರಬೇಕೆಂಬ ಪ್ರಶ್ನೆಯನ್ನು ಜಾನಪದೀಯ ನೆಲೆಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪೊಳಲಿಯ ರಾಜರಾಜೇಶ್ವರಿ ಕ್ಷೇತ್ರದ ಜಾತ್ರೆ ಸುಮಾರು ಒಂದು ತಿಂಗಳು ನಡೆಯುತ್ತದೆ. 'ಪೊಳಲಿ ಚೆಂಡು' ಎಂದು ನಾಡಿನಲ್ಲೆಲ್ಲ ಹೆಸರಾದ ಆಟಕ್ಕೆ ಬೇಕಾದ ಚರ್ಮದ ಚೆಂಡು ಮೂಡುಬಿದಿರೆಯ ಸಮಗಾರ ಮನೆತನದಿಂದ ಬರುತ್ತದೆ. ಸಾವಿರ ಸೀಮೆಯೆಂದು ಕರೆಸಿಕೊಳ್ಳುವ ಈ ವ್ಯಾಪ್ತಿಯಲ್ಲಿ ಚೆಂಡು ತರುವವರು, ಆಡುವವರು, ಒಂದೊಂದು ಸೇವೆ ಸಲ್ಲಿಸುವವರು ಬೇರೆ ಬೇರೆ. ಸಮುದಾಯದ ಸೊತ್ತನ್ನು ನಿಭಾಯಿಸಲು ಹಣಕ್ಕಿಂತ ಮೊದಲು ಹೊಣೆಯನ್ನು ಹಂಚುವ ಕ್ರಮ ಇದು. ಈ ಹಂಚಿಕೆ ಜಾತಿಶ್ರೇಣಿಯ ಮೇಲೆ ನಿಂತಿತ್ತೆಂಬುದನ್ನು ಮರೆಮಾಚಿ ಅದನ್ನು ಕೊಂಡಾಡುವುದು ಸರಿಯಲ್ಲ. ಆದರೆ 'ಈ ಕೆಲಸ ಈ ಮನೆಯದು' ಎಂಬ ಸ್ಪಷ್ಟತೆ ಅದರಲ್ಲಿತ್ತು. ಸಾರ್ವಜನಿಕ ಸಸಿಗಳಿಗೆ ಇಂದು ಇಲ್ಲದಿರುವುದು ಅದೇ.

ತುಳುನಾಡಿನ ನಾಗಬನದಲ್ಲಿ ಈ ತತ್ತ್ವ ಇನ್ನಷ್ಟು ನಿಚ್ಚಳವಾಗಿ ಕಾಣುತ್ತದೆ. ಬನವನ್ನು ಯಾರೂ 'ಬೆಳೆಸಲಿಲ್ಲ'. ಕಡಿಯಬಾರದೆಂಬ ಕಟ್ಟಳೆಯೇ ಅದನ್ನು ಉಳಿಸಿತು. ಸುರಗಿ, ರೆಂಜೆ, ಪಾಲೆ, ಕಾಸರಕ, ಬೈನೆಗಳು ತಮ್ಮಷ್ಟಕ್ಕೆ ಬೆಳೆದವು. ಕುಟುಂಬದವರು ಹೊರಬೇಕಾದ ವೆಚ್ಚ ವರ್ಷಕ್ಕೊಮ್ಮೆ ಸಲ್ಲಿಸುವ ತಂಬಿಲದಷ್ಟೇ. ಕುಟುಂಬಗಳು ಮಂಗಳೂರು, ಮುಂಬಯಿಗಳಿಗೆ ಚದುರಿ ಕೈಯಲ್ಲಿ ಹಣ ಆಡತೊಡಗಿದ ಮೇಲೆ ಅನೇಕ ಬನಗಳ 'ಜೀರ್ಣೋದ್ಧಾರ' ನಡೆಯಿತು. ಮರಗಳು ಹೋಗಿ, ಸಿಮೆಂಟಿನ ಕಟ್ಟೆ, ಹೆಂಚಿನ ನೆಲ, ಕಬ್ಬಿಣದ ಗೇಟು ಬಂದವು. ದೇಣಿಗೆ ಹೆಚ್ಚಿದಂತೆ ಹಸಿರು ಕುಗ್ಗಿದ ಈ ವಿಪರ್ಯಾಸವನ್ನು ವೃಕ್ಷಾರೋಪಣಕ್ಕೆ ಹಣ ಹೊಂದಿಸುವವರು ಲಕ್ಷಿಸಬೇಕು. ಹಣ ಕಣ್ಣಿಗೆ ಕಾಣುವ ಕಟ್ಟಡವನ್ನು ಬಯಸುತ್ತದೆ. ಮರವಾದರೋ ಇಪ್ಪತ್ತು ವರ್ಷ ಕಾಯಿಸುತ್ತದೆ. ಆಟಿ ಅಮಾವಾಸ್ಯೆಯ ಮುಂಜಾನೆ, ಕತ್ತಿ ಸೋಕಿಸದೆ ಕಲ್ಲಿನಿಂದ ಜಜ್ಜಿ ತೆಗೆದ ತೊಗಟೆಯ ಕಷಾಯಕ್ಕಾಗಿ ಪಾಲೆಮರವನ್ನು ಅರಸುವ ನಗರವಾಸಿಗಳಿಗೆ ಈ ನಷ್ಟದ ಅರಿವು ವರ್ಷಕ್ಕೊಮ್ಮೆಯಾದರೂ ಆಗುತ್ತದೆ.

ಘಟ್ಟದ ಮೇಲಿನ ಅಶ್ವತ್ಥಕಟ್ಟೆಯದು ಇನ್ನೊಂದು ಮಾದರಿ. ಸಂತಾನದ ಹರಕೆ ಹೊತ್ತವರು ಅರಳಿ, ಬೇವುಗಳನ್ನು ಜೊತೆಯಾಗಿ ನೆಟ್ಟು, ಅವು ಬೆಳೆದ ಮೇಲೆ ಮದುವೆ ಮಾಡಿಸಿ, ಬುಡದಲ್ಲಿ ನಾಗರಕಲ್ಲು ನಿಲ್ಲಿಸುತ್ತಾರೆ. ನೆಟ್ಟ ದಿನ ಹರಕೆ ತೀರುವುದಿಲ್ಲ. ನೀರೆರೆದು ಪ್ರದಕ್ಷಿಣೆ ಬರುವುದೂ ಅದರ ಭಾಗವೇ. ನಿರ್ವಹಣೆಯ ವೆಚ್ಚವನ್ನು ಆಚರಣೆಯೇ ಹೀಗೆ ತನ್ನೊಳಗೆ ಅಡಗಿಸಿಕೊಂಡಿದೆ. ಮಾಗಡಿ ತಾಲೂಕಿನ ಹುಲಿಕಲ್‌ನಿಂದ ಕುದೂರಿನ ದಾರಿಯಲ್ಲಿ 385 ಆಲದ ಸಸಿಗಳನ್ನು ಬೆಳೆಸಿದ ಸಾಲುಮರದ ತಿಮ್ಮಕ್ಕ ಹಾಗೂ ಅವರ ಪತಿ ಚಿಕ್ಕಯ್ಯ ಮಾಡಿದ ಖರ್ಚನ್ನು ಲೆಕ್ಕ ಹಾಕಿದರೆ ಅದರಲ್ಲಿ ಸಸಿಯ ಬೆಲೆ ಅತ್ಯಲ್ಪ. ಬಹುಪಾಲು ಕೊಡದಲ್ಲಿ ಹೊತ್ತ ನೀರು, ಮುಳ್ಳಿನ ಬೇಲಿ ಮತ್ತು ಕೂಲಿ ಮುಗಿದ ಮೇಲಿನ ಹೊತ್ತು. 2019ರಲ್ಲಿ ಪದ್ಮಶ್ರೀ ಪಡೆದ ತಿಮ್ಮಕ್ಕ 2025ರ ನವೆಂಬರಿನಲ್ಲಿ ತೀರಿಕೊಂಡರು.

ನಗರಗಳಲ್ಲಿ ಸರಕಾರವೇ ಮುಂದಾಗಿ ಮಾಡಿದ ದೊಡ್ಡ ಪ್ರಯತ್ನಕ್ಕೆ ಬೆಂಗಳೂರು ಸಾಕ್ಷಿ. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ನೇತೃತ್ವದಲ್ಲಿ 1982ರಿಂದ 1987ರವರೆಗೆ ಅಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಡಲಾಯಿತು. ಇಂದಿನ ಅನೇಕ ಬಡಾವಣೆಗಳ ನೆರಳು ಆ ಕಾಲದ್ದು. ಆದರೆ ಬೀದಿಮರಕ್ಕೆ ಬೀದಿ ಬೇಕು. ಕೊಳೆಗೇರಿಯ ಓಣಿಯಲ್ಲಿ ಎರಡು ಮನೆಗಳ ನಡುವೆ ಒಬ್ಬರು ನಡೆಯುವಷ್ಟೇ ಜಾಗ. ಬೆಂಗಳೂರಿನ ಕೊಳೆಗೇರಿಗಳ ಮರಗಳನ್ನು ಹರಿಣಿ ನಾಗೇಂದ್ರ ಮತ್ತು ಅವರ ಸಹಸಂಶೋಧಕರು ಅಧ್ಯಯನ ಮಾಡಿದ್ದಾರೆ. ಮಧ್ಯಮವರ್ಗದ ಬಡಾವಣೆಗಳಿಗಿಂತ ಅಲ್ಲಿ ಮರಗಳು ವಿರಳ. ಇರುವುವು ನುಗ್ಗೆ, ತೆಂಗು, ಹೊಂಗೆಗಳಂತಹ ಉಪಯೋಗದ ಮರಗಳು ಎಂಬುದು ಅವರ ಶೋಧದಿಂದ ತಿಳಿದುಬರುತ್ತದೆ. ಬಡವರಿಗೆ ಮರದ ಮೇಲೆ ಪ್ರೀತಿಯಿಲ್ಲವೆಂಬ ಮಾತು ಇದರಿಂದಲೇ ಬಿದ್ದುಹೋಗುತ್ತದೆ. ನೆರಳಿನಲ್ಲಿ ಪಾತ್ರೆ ತೊಳೆಯುವುದು, ಮಗುವಿನ ತೊಟ್ಟಿಲು ಕಟ್ಟುವುದು, ಬೀಡಿ ಸುತ್ತುವುದು, ಇವೆಲ್ಲ ನಡೆಯುವ ಆ ಒಂದು ಮರ ಮನೆಯ ಇನ್ನೊಂದು ಕೋಣೆಯೇ ಸರಿ.

ಅನುದಾನಗಳಿಗೆ ಬರೋಣ. ಕೇಂದ್ರ ಸರಕಾರ 2020ರಲ್ಲಿ ಘೋಷಿಸಿದ ನಗರವನ ಯೋಜನೆಯಲ್ಲಿ ಹೆಕ್ಟೇರಿಗೆ 4 ಲಕ್ಷ ರೂಪಾಯಿಗಳ ನೆರವುಂಟು. ಅದರಲ್ಲಿ ಚಿಕ್ಕದಾದ ನಗರವಾಟಿಕೆಗೂ ಕನಿಷ್ಠ ಒಂದು ಹೆಕ್ಟೇರು ನೆಲ ಬೇಕು. ಯಾವ ಬಡ ಕೇರಿಯಲ್ಲಿ ಎರಡೂವರೆ ಎಕರೆ ಖಾಲಿ ನೆಲವಿದೆ? ಹಾಗಾಗಿ ಹಣ ಸಹಜವಾಗಿಯೇ ನೆಲವಿರುವ ಕಡೆಗೆ, ಅಂದರೆ ಊರಂಚಿಗೆ, ಹರಿಯುತ್ತದೆ. 2013ರ ಕಂಪನಿ ಕಾಯಿದೆಯಂತೆ ದೊಡ್ಡ ಕಂಪನಿಗಳು ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವ್ಯಯಿಸಬೇಕು. ಇಲ್ಲಿ ಲೆಕ್ಕಕ್ಕೆ ಸಿಗುವುದು ನೆಟ್ಟ ಸಸಿಗಳ ಸಂಖ್ಯೆ ಮತ್ತು ಪರಿಸರ ದಿನಾಚರಣೆಯ ಛಾಯಾಚಿತ್ರ. ಜೂನ್‌ನಲ್ಲಿ ನೆಟ್ಟದ್ದನ್ನು ಮರುವರ್ಷದ ಏಪ್ರಿಲ್‌ನಲ್ಲಿ ನೋಡಿ ಬರುವವರು ಕಡಿಮೆ.

ಇದಕ್ಕೆ ಹೋಲಿಸಿದರೆ, ನಮ್ಮ ರಾಜ್ಯದಲ್ಲಿ 2011-12ರಲ್ಲಿ ಆರಂಭವಾದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯ ತರ್ಕ ಹರಕೆಯ ತರ್ಕಕ್ಕೆ ಹತ್ತಿರವಾದದ್ದು. ಅಲ್ಲಿ ಹಣ ಸಂದಾಯವಾಗುವುದು ನೆಟ್ಟದ್ದಕ್ಕಲ್ಲ. ಮೂರು ವರ್ಷಗಳ ಕಾಲ, ವರ್ಷವರ್ಷವೂ ಬದುಕುಳಿದ ಸಸಿಗೆ. ಆದರೆ ಅದು ಪಹಣಿಯುಳ್ಳ ರೈತರಿಗೆ ಮೀಸಲು. ಹಕ್ಕುಪತ್ರವೂ ಇಲ್ಲದ ಕೇರಿಯವರಿಗೆ ಇದೇ ಕ್ರಮವನ್ನು ವಿಸ್ತರಿಸಬೇಕಾದರೆ ಹಣ ಪಡೆಯುವ ಘಟಕವನ್ನೇ ಬದಲಿಸಬೇಕಾಗುತ್ತದೆ. 2000-01ರಿಂದ ಬೆಳೆದ ಸ್ತ್ರೀಶಕ್ತಿ ಗುಂಪುಗಳಂತಹ ಸಂಘಗಳು ಇದಕ್ಕೆ ಒದಗಬಲ್ಲವು. ನೀರೆರೆಯುವ ಪಾಳಿ ಮನೆಮನೆಗೆ, ಉಳಿದ ಸಸಿಯ ಹಣ ಗುಂಪಿನ ಖಾತೆಗೆ. ಪಾಳಿಯನ್ನು ಹುಟ್ಟಿನಿಂದಲ್ಲದೆ ಒಪ್ಪಿಗೆಯಿಂದ ಹಂಚುವುದಷ್ಟೇ ಹಳೆಯ ವ್ಯವಸ್ಥೆಗೆ ನಾವು ಮಾಡಬೇಕಾದ ತಿದ್ದುಪಡಿ. ನೀರೆರೆಯುವ ಹೊರೆ ಹೆಂಗಸರ ಮೇಲೆ ಪುಕ್ಕಟೆಯಾಗಿ ಬೀಳದಂತೆ ಕೂಲಿಯನ್ನೂ ಅಂದಾಜುಪಟ್ಟಿಯಲ್ಲಿ ಸೇರಿಸುವುದು ಅವಶ್ಯ.

ಕಟ್ಟೆಯನ್ನು ಮಾದರಿಯಾಗಿ ಸೂಚಿಸುವಾಗ ಒಂದು ತೊಡಕೂ ಇದೆ. ಸಾರ್ವಜನಿಕ ಸ್ಥಳಗಳಲ್ಲಿ ಹೊಸ ಅನಧಿಕೃತ ಧಾರ್ಮಿಕ ಕಟ್ಟಡಗಳಿಗೆ ಅವಕಾಶ ಕೊಡಬಾರದೆಂದು ಸರ್ವೋಚ್ಚ ನ್ಯಾಯಾಲಯ 2009ರಲ್ಲಿ ಆದೇಶಿಸಿದೆ. ಅದಲ್ಲದೆ ಕರಾವಳಿಯ ಕೇರಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮನೆಗಳು ಒತ್ತೊತ್ತಾಗಿವೆ. ನಾಗರಕಲ್ಲಿನ ಕಟ್ಟೆ ಎಲ್ಲರದೂ ಆಗಲಾರದು. ಆದ್ದರಿಂದ ಎರವಲು ಪಡೆಯಬೇಕಾದದ್ದು ಕಲ್ಲನ್ನಲ್ಲ, ಕೂರುವ ಜಗಲಿಯನ್ನು ಮತ್ತು ಸರದಿಯ ನೀರನ್ನು. ಮರದ ಆಯ್ಕೆಯೂ ಕೇರಿಯವರದ್ದಾಗಿರಬೇಕು: ಇಕ್ಕಟ್ಟಾದ ಓಣಿಗೆ ನುಗ್ಗೆ, ಸಾರ್ವಜನಿಕ ನಳ್ಳಿಯ ಪಕ್ಕದಲ್ಲಿ ಹೊಂಗೆ, ಅಂಗನವಾಡಿಯ ಅಂಗಳ ತುಸು ವಿಶಾಲವಾಗಿದ್ದರೆ ಒಂದು ಹಲಸು.