ಕಾಕಾ ತಂದ ‘ಡೈನೋಸಾರ್ ತತ್ತಿ’

ಭೂವಿಜ್ಞಾನದಲ್ಲಿ ಎಂಎಸ್ಸಿ ಮುಗಿಸಿ ಊರಿಗೆ ಹೋದವರಿಗೆ ಎರಡು ಪ್ರಶ್ನೆಗಳು ಕಾದಿರುತ್ತವೆ. ಒಂದು, ‘ಮುಂದೇನು?’ ಇನ್ನೊಂದು, ‘ಕಲ್ಲು ಓದಿದ್ರ ನೌಕರಿ ಸಿಗತೈತೇನು?’ ಕಳೆದ ದೀಪಾವಳಿಗೆ ಇಂಡಿ ತಾಲ್ಲೂಕಿನ ನಮ್ಮೂರಿಗೆ ಹೋದಾಗ ಈ ಎರಡಕ್ಕೂ ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಆದರೆ ಆ ಸಲ ನಮ್ಮ ಕಾಕಾ ಎರಡನ್ನೂ ಕೇಳಲಿಲ್ಲ. ಊಟ ಮುಗಿದ ಮೇಲೆ ಮೆಲ್ಲಗೆ ಕರೆದು, ‘ಯವ್ವಾ, ಒಳಗ ಬಾ. ನಿನ್ನ ಓದು ಇವತ್ತ ಉಪಯೋಗಕ್ಕ ಬರತೈತಿ’ ಎಂದರು.

ದೇವರ ಮನೆಯ ಮೂಲೆಯಲ್ಲಿ ಹಳೆಯ ಧೋತರದಲ್ಲಿ ಸುತ್ತಿಟ್ಟಿದ್ದ ಎರಡು ಗುಂಡುಗಳನ್ನು ಹೊರತೆಗೆದರು. ಒಂದು ಬೂದು ಬಣ್ಣದ್ದು, ಮೇಲೆ ಬಿಳಿ ಪದರ. ಇನ್ನೊಂದು ಕಂದು ಬಣ್ಣದ್ದು, ಮೈತುಂಬಾ ಒಡೆದ ಹಂಚಿನಂಥ ಚೂರುಗಳು. ‘ಡೈನೋಸಾರ್ ತತ್ತಿ’ ಎಂದರು ಪಿಸುದನಿಯಲ್ಲಿ.

ಕಥೆ ಇಷ್ಟು. ಬಾವಿ ಹೂಳು ತೆಗೆಸುವಾಗ ಮೊದಲನೇ ಗುಂಡು ಸಿಕ್ಕಿತ್ತು. ಸಂತೆಯಲ್ಲಿ ಪರಿಚಯವಾದ ಹೊರಊರಿನವನೊಬ್ಬ ಅದನ್ನು ನೋಡಿ, ಮೊಬೈಲಿನಲ್ಲಿ ಯಾವುದೋ ಹರಾಜಿನ ವಿಡಿಯೊ ತೋರಿಸಿ, ‘ಒಂಟಿ ತತ್ತಿಗೆ ಬೆಲೆ ಇಲ್ಲ, ಜೋಡಿ ಇದ್ದರೆ ಎರಡು ಕೋಟಿ’ ಎಂದಿದ್ದ. ಜೋಡಿಯನ್ನೂ ಅವನೇ ಒದಗಿಸಿದ್ದ, 35 ಸಾವಿರ ರೂಪಾಯಿಗೆ. ಈಗ ‘ಲ್ಯಾಬ್ ಸರ್ಟಿಫಿಕೇಟ್’ ಮಾಡಿಸಲು ಎರಡು ಲಕ್ಷ ಬೇಕಂತೆ, ಸೋಮವಾರದೊಳಗೆ. ಆ ದಿನ ಶನಿವಾರ. ಎರಡು ಲಕ್ಷ ಎಂದರೆ ಕಾಕಾ ಎರಡು ವರ್ಷದ ನಿಂಬೆ ಬೆಳೆಯಲ್ಲಿ ಬೋರ್‌ವೆಲ್‌ಗೆಂದು ಕೂಡಿಟ್ಟ ಹಣ.

‘ಕಾಕಾ, ಇದು ಮೋಸ’ ಎಂಬ ಮಾತು ಬಾಯಿಗೆ ಬಂದಿತ್ತು. ನುಂಗಿಕೊಂಡೆ. ನಮ್ಮ ಗುರುಗಳು ಯಾವಾಗಲೂ ಹೇಳುತ್ತಿದ್ದರು: ‘ಕಲ್ಲಿಗೆ ಹೆಸರಿಡೂಕಿಂತ ಮೊದಲ ಅದರ ಊರು ಕೇಳ್ರಿ.’ ಹಾಗೇ ‘ಸುಳ್ಳು’ ಎಂದುಬಿಟ್ಟರೆ ಕಾಕಾ ನಂಬುವುದಿಲ್ಲ. ಎರಡು ಕೋಟಿ ಎಂದವನ ಮುಂದೆ, ನೌಕರಿ ಇಲ್ಲದ ಅಣ್ಣನ ಮಗಳ ಮಾತು ಎಷ್ಟರದ್ದು? ತೋರಿಸಬೇಕು, ಕಾಕಾನ ಕಣ್ಣಿಗೇ ಕಾಣಿಸಬೇಕು.

ಆ ರಾತ್ರಿ ನಾನೂ ಕನಸು ಕಂಡೆ

ಮೊದಲು ಬಾವಿಯ ಗುಂಡು ಎತ್ತಿಕೊಂಡೆ. ಸುತ್ತಳತೆ ಅಳೆದು ಲೆಕ್ಕ ಹಾಕಿದರೆ ವ್ಯಾಸ ಸುಮಾರು 16 ಸೆಂಟಿಮೀಟರ್. ಎದೆ ಧಸಕ್ಕೆಂದಿತು. ಯಾಕೆಂದರೆ ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ ದೆಹಲಿ ವಿಶ್ವವಿದ್ಯಾಲಯದ ಸಂಶೋಧಕರ ತಂಡ 92 ಗೂಡುಗಳಲ್ಲಿ ಒಟ್ಟು 256 ಡೈನೋಸಾರ್ ಮೊಟ್ಟೆಗಳನ್ನು ಗುರುತಿಸಿ 2023ರಲ್ಲಿ ಪ್ರಕಟಿಸಿತ್ತು. ಉದ್ದ ಕತ್ತಿನ, ಸಸ್ಯಾಹಾರಿ ಟೈಟನೊಸಾರ್‌ಗಳ ಮೊಟ್ಟೆಗಳವು. ಅವುಗಳ ವ್ಯಾಸ 15ರಿಂದ 17 ಸೆಂಟಿಮೀಟರ್!

ಮುಂದಿನದು ಆಮ್ಲ ಪರೀಕ್ಷೆ. ಮೊಟ್ಟೆಯ ಚಿಪ್ಪು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಅಂಶ. ಆಮ್ಲ ಬಿದ್ದರೆ ನೊರೆ ಬರಬೇಕು. ಪ್ರಯೋಗಾಲಯದ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಮನೆಯಲ್ಲೆಲ್ಲಿದೆ? ಆದರೆ ಇಂಡಿಯಲ್ಲಿ ನಿಂಬೆಗೆ ಬರವೇ? ಬಿಳಿ ಪದರವನ್ನು ಚಾಕುವಿನಿಂದ ಸ್ವಲ್ಪ ಕೆರೆದು, ಆ ಪುಡಿಯ ಮೇಲೆ ನಿಂಬೆರಸ ಹಿಂಡಿದೆ. ಸಣ್ಣಗೆ ಗುಳ್ಳೆ ಎದ್ದವು. ಕಾಕಾನ ಕಣ್ಣು ಅರಳಿದವು. ಸುಳ್ಳೇಕೆ ಹೇಳಲಿ, ನನ್ನವೂ.

ಆ ರಾತ್ರಿ ನಿದ್ದೆ ಬರಲಿಲ್ಲ. ‘ಕರ್ನಾಟಕದಲ್ಲಿ ಡೈನೋಸಾರ್ ಮೊಟ್ಟೆ ಪತ್ತೆ ಹಚ್ಚಿದ ಯುವತಿ’ ಎಂಬ ತಲೆಬರಹ ಕಣ್ಣ ಮುಂದೆ. ಜಿಎಸ್‌ಐ, ಅಂದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯದ ಸಂದರ್ಶನದಲ್ಲಿ ಈ ಕಥೆ ಹೇಳುತ್ತಿರುವಂತೆ ಕನಸು. ಕಾಕಾನನ್ನು ಮರುಳು ಮಾಡಿದ್ದು ಎರಡು ಕೋಟಿಯಾದರೆ, ನನ್ನನ್ನು ಮರುಳು ಮಾಡಿದ್ದು ಒಂದು ನೌಕರಿ. ವ್ಯತ್ಯಾಸ ಅಷ್ಟೇ.

ಕಲ್ಲಿನ ಊರು ಕೇಳಿದಾಗ

ಭಾನುವಾರ ಬೆಳಿಗ್ಗೆ ಎದ್ದು ಕಾಕಾನ ಜೊತೆ ಬಾವಿಗೆ ಹೋದೆ. ನಮ್ಮ ಭಾಗದ ನೆಲ ದಖ್ಖನ್‌ನ ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾ ತಣ್ಣಗಾಗಿ ಆದ ಕಪ್ಪು ಕಲ್ಲು. ಕುದಿಯುವ ಲಾವಾದಲ್ಲಿ ಯಾವ ಪ್ರಾಣಿಯೂ ತತ್ತಿ ಇಡುವುದಿಲ್ಲ. ಗುಜರಾತ್, ಮಧ್ಯಪ್ರದೇಶ, ಮಹಾರಾಷ್ಟ್ರಗಳಲ್ಲಿ ಮೊಟ್ಟೆಗಳು ಸಿಗುವುದು ಲಾವಾದ ಕೆಳಗಿರುವ ‘ಲಾಮೆಟಾ’ ಎಂಬ ಸುಣ್ಣ–ಮರಳು ಮಿಶ್ರಿತ ಪದರಗಳಲ್ಲಿ. ಇನ್ನು ರಾಜ್ಯದ ಬಹುಭಾಗದ ನೆಲವಂತೂ 250 ಕೋಟಿ ವರ್ಷಕ್ಕೂ ಹಿಂದಿನದು. ಡೈನೋಸಾರ್ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಆ ಕಲ್ಲುಗಳು ಮುದಿಯಾಗಿದ್ದವು.

ಬಾವಿಯ ಗೋಡೆ ನೋಡಿದ ಕೂಡಲೇ ಉತ್ತರ ಸಿಕ್ಕಿಬಿಟ್ಟಿತು. ಅಲ್ಲಿ ಅಂಥ ‘ತತ್ತಿ’ಗಳು ಹತ್ತಾರಿದ್ದವು, ಚಿಕ್ಕವು, ದೊಡ್ಡವು, ಅರ್ಧ ಬಿಡಿಸಿದವು. ಬಿರುಕುಗಳಲ್ಲಿ ನೀರು ಇಳಿದು ಬಸಾಲ್ಟ್ ಬಂಡೆಯ ಮೂಲೆಗಳನ್ನು ಕೊಳೆಯಿಸುತ್ತ ಹೋದಂತೆ, ಉಳ್ಳಾಗಡ್ಡಿಯ ಸಿಪ್ಪೆಯಂತೆ ಪದರ ಪದರವಾಗಿ ಕಳಚಿ ನಡುವೆ ಗಟ್ಟಿ ಗುಂಡು ಉಳಿಯುತ್ತದೆ. ಬಿಳಿ ಪದರ? ಎರಿ ಹೊಲದಲ್ಲಿ ನೇಗಿಲಿಗೆ ಸಿಗುವ ಸುಣ್ಣದ ಹರಳು ಎಲ್ಲ ರೈತರಿಗೂ ಗೊತ್ತು. ಅದೇ ಸುಣ್ಣ ಕಲ್ಲಿನ ಮೈಗೆ ಕಟ್ಟಿಕೊಂಡಿತ್ತು. ನೊರೆ ಬಂದರೆ ಸುಣ್ಣ ಇದೆ ಎಂದಷ್ಟೇ ಅರ್ಥ, ತತ್ತಿ ಎಂದಲ್ಲ. ಪರೀಕ್ಷೆಯಲ್ಲಿ ಬರೆದಿದ್ದ ಈ ಮಾತು ರಾತ್ರಿ ನನಗೇ ಮರೆತುಹೋಗಿತ್ತು.

ಹತ್ತು ಪಟ್ಟು ಹಿಗ್ಗಿಸುವ ನನ್ನ ಲೆನ್ಸನ್ನು ಕಾಕಾನ ಕೈಗೆ ಕೊಟ್ಟೆ. ಟೈಟನೊಸಾರ್ ಮೊಟ್ಟೆಯ ಚಿಪ್ಪು ಕೆಲವೇ ಮಿಲಿಮೀಟರ್ ದಪ್ಪ, ಸುತ್ತಲೂ ಹೆಚ್ಚುಕಡಿಮೆ ಒಂದೇ ಸಮ. ಮೇಲ್ಮೈಯಲ್ಲಿ ಸಣ್ಣ ಸಣ್ಣ ಗುಬುಟುಗಳು, ನಡುವೆ ಮರಿ ಉಸಿರಾಡಲು ಬೇಕಾದ ಸೂಕ್ಷ್ಮ ರಂಧ್ರಗಳು. ನಮ್ಮ ಕಲ್ಲಿನ ಪದರ ಒಂದು ಕಡೆ ಕಾಗದದಷ್ಟು ತೆಳು, ಇನ್ನೊಂದು ಕಡೆ ಬೆರಳಿನಷ್ಟು ದಪ್ಪ. ಗುಬುಟಿಲ್ಲ, ರಂಧ್ರವಿಲ್ಲ. ಕಾಕಾ ಬಹಳ ಹೊತ್ತು ನೋಡಿದರು. ‘ಹಂಗಾರ ಇದು ನಮ್ಮ ಹೊಲದ ಕಲ್ಲ ಬಿಡು’ ಎಂದರು. ‘ಆದ್ರ ಆ ಇನ್ನೊಂದು?’

ಅಂಟಿಸಿದ ಚಿಪ್ಪು

35 ಸಾವಿರದ ಗುಂಡು ಜಾಣತನದಿಂದ ಮಾಡಿದ್ದು. ನಿಜವಾದ ಮೊಟ್ಟೆ ಬಿರುಕು ಬಿಟ್ಟಾಗ ಪಕ್ಕಪಕ್ಕದ ಚೂರುಗಳ ಅಂಚು ಒಂದಕ್ಕೊಂದು ಕೂಡುತ್ತವೆ, ಬಿದ್ದು ಒಡೆದ ಗಡಿಗೆಯ ಹಾಗೆ. ಎಲ್ಲ ಚೂರುಗಳ ಬಾಗು ಗುಂಡಿನ ಬಾಗಿಗೇ ಹೊಂದುತ್ತದೆ. ಇಲ್ಲಿ ಅಂಚುಗಳು ಕೂಡುತ್ತಿರಲಿಲ್ಲ. ಒಂದೆರಡು ಚೂರು ತಿರುಗುಮುರುಗಾಗಿ ಅಂಟಿದ್ದವು. ಚೂರುಗಳ ನಡುವೆ ಮರಳಿನ ಕಣ ಮತ್ತು ಗಾಳಿ ಸಿಕ್ಕಿಕೊಂಡ ದುಂಡನೆಯ ಸಣ್ಣ ತೂತುಗಳಿದ್ದವು. ಮನೆ ಕಟ್ಟಿಸಿದವರಿಗೆ ಅದು ಏನೆಂದು ಹೇಳಬೇಕಿಲ್ಲ, ಸಿಮೆಂಟು.

ಕಿರಾಣಿ ಅಂಗಡಿಯಿಂದ ನೋಟು ನೋಡುವ ನೀಲಿ ಟಾರ್ಚ್ ತಂದು ಕತ್ತಲೆಯಲ್ಲಿ ಹಿಡಿದಾಗ ಚೂರುಗಳ ಅಂಚಿನುದ್ದಕ್ಕೂ ಬಿಳಿನೀಲಿ ಗೆರೆ ಹೊಳೆಯಿತು. ಹಲವು ಅಂಟುಗಳು ಆ ಬೆಳಕಿಗೆ ಹೀಗೆ ಹೊಳೆಯುತ್ತವೆ. ಮ್ಯೂಸಿಯಂಗಳಲ್ಲಿ ನಿಜವಾದ ಮೊಟ್ಟೆಯನ್ನೂ ಅಂಟು ಹಾಕಿ ದುರಸ್ತಿ ಮಾಡುವುದುಂಟು. ಹಾಗಾಗಿ ಇದೊಂದೇ ಸಾಕಾಗದು. ಕೊನೆಗೆ ತಂಗಿಯ ನೇಲ್‌ಪಾಲಿಶ್ ರಿಮೂವರ್ ತಂದು, ಹತ್ತಿಯಲ್ಲಿ ಅದ್ದಿ ಒಂದು ಚೂರಿನ ಅಂಚಿಗೆ ಹಿಡಿದೆ. ಅದರಲ್ಲಿರುವ ಅಸಿಟೋನ್‌ಗೆ ಅಂಟು ಮೆತ್ತಗಾಯಿತು. ಹತ್ತು ನಿಮಿಷಕ್ಕೆ ಚೂರು ಕಾಕಾನ ಅಂಗೈಗೆ ಬಂದು ಬಿತ್ತು. ಅದರ ಕೆಳಗೆ ಬೂದು ಸಿಮೆಂಟಿನ ಮೇಲೆ ಯಾರದೋ ಹೆಬ್ಬೆರಳಿನ ಗುರುತು.

ಯಾರೂ ಮಾತಾಡಲಿಲ್ಲ. ಕಾಕಾ ಆ ಬೆರಳಿನ ಗುರುತನ್ನೇ ನೋಡುತ್ತ ಕುಳಿತರು. ಕಾಕಿ ಒಳಗಿನಿಂದ ಚಹಾ ತಂದಿಟ್ಟು ಹೋದರು. ಚಹಾ ಆರಿತು.

ದೊಡ್ಡವರೂ ಎಡವಿದ್ದಾರೆ

ಕಾಕಾನಿಗೆ ನಾಚಿಕೆಯಾಗಿತ್ತು. ಅವರನ್ನು ಸಮಾಧಾನ ಮಾಡಲು ನಾನು ಓದಿದ್ದ, ನೋಡಿದ್ದ ಸಂಗತಿಗಳನ್ನು ಹೇಳಿದೆ.

ಎಂಎಸ್ಸಿಯಲ್ಲಿ ನಮ್ಮನ್ನು ತಮಿಳುನಾಡಿನ ಅರಿಯಲೂರು–ಪೆರಂಬಲೂರು ಕಡೆ ಅಧ್ಯಯನ ಪ್ರವಾಸಕ್ಕೆ ಒಯ್ದಿದ್ದರು. ಡೈನೋಸಾರ್‌ಗಳ ಕಾಲದಲ್ಲಿ ಅಲ್ಲಿ ಸಮುದ್ರವಿತ್ತು. ಅಲ್ಲಿನ ಕುನ್ನಂನಲ್ಲಿ 2020ರ ಅಕ್ಟೋಬರ್‌ನಲ್ಲಿ ಗುಂಡು ಕಲ್ಲುಗಳು ಸಿಕ್ಕಾಗ ‘ಡೈನೋಸಾರ್ ಮೊಟ್ಟೆ’ ಎಂದು ಫೋಟೊಗಳು ಎಲ್ಲೆಡೆ ಹರಿದಾಡಿದ್ದವು. ಜನ ಸೇರಿದ್ದರು. ತಜ್ಞರು ಹೋಗಿ ನೋಡಿದರೆ, ಅವು ಅಮೊನೈಟ್ ಎಂಬ ಸುರುಳಿ ಚಿಪ್ಪಿನ ಸಮುದ್ರಜೀವಿಯ ಸುತ್ತ ಕೆಸರು ಗಟ್ಟಿಯಾಗಿ ಆದ ಉಂಡೆಗಳು. ಮೊಟ್ಟೆಯಲ್ಲ, ಆದರೆ ಪಳೆಯುಳಿಕೆಯೇ.

ತಿರುವುಮುರುವಾದ ಕಥೆಯೂ ಇದೆ. ಚಾರ್ಲ್ಸ್ ಫ್ರೇಸರ್ ಎಂಬಾತ 1817ರಿಂದ 1843ರವರೆಗೆ ಭಾರತದಲ್ಲಿದ್ದಾಗ ಒಂದು ಚೆಂದದ ಅಗೇಟ್ ಗುಂಡನ್ನು ಸಂಗ್ರಹಿಸಿದ್ದ. ಅದು 1883ರಲ್ಲಿ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಖನಿಜ ವಿಭಾಗ ಸೇರಿತು. ನೂರಕ್ಕೂ ಹೆಚ್ಚು ವರ್ಷ ಅದನ್ನು ಬರೀ ಬಣ್ಣದ ಕಲ್ಲೆಂದೇ ನೋಡಿದರು. ಅಲ್ಲಿನ ರಾಬಿನ್ ಹ್ಯಾನ್ಸನ್ ಎಂಬ ಕ್ಯೂರೇಟರ್ ಫ್ರಾನ್ಸಿನ ಪ್ರದರ್ಶನವೊಂದರಲ್ಲಿ ಅಗೇಟ್ ತುಂಬಿದ ಡೈನೋಸಾರ್ ಮೊಟ್ಟೆಯನ್ನು ನೋಡಿದಾಗ, ತಮ್ಮ ಮ್ಯೂಸಿಯಂನ ಗುಂಡು ನೆನಪಾಯಿತು. ತಜ್ಞರು ಪರಿಶೀಲಿಸಿದಾಗ ಸುತ್ತ ತೆಳು ಪದರ, ಮೈಮೇಲೆ ಪಕ್ಕದ ಗುಂಡುಗಳು ಒತ್ತಿದ ಗುರುತು. ಅದು ಟೈಟನೊಸಾರ್ ಮೊಟ್ಟೆಯೇ ಎಂದು 2023ರಲ್ಲಿ ಪ್ರಕಟವಾಯಿತು.

ಮೊಟ್ಟೆ ನಿಜವಿದ್ದರೂ ಮುಗಿಯಿತು ಎಂದಲ್ಲ. 1923ರಲ್ಲಿ ಮಂಗೋಲಿಯಾದ ಮರುಭೂಮಿಯಲ್ಲಿ ಸಿಕ್ಕ ಮೊಟ್ಟೆಗಳು ಪ್ರೊಟೊಸೆರಟಾಪ್ಸ್‌ನದ್ದು ಎಂದುಕೊಂಡ ವಿಜ್ಞಾನಿಗಳು, ಅವುಗಳ ಮೇಲೆ ಬಿದ್ದಿದ್ದ ಇನ್ನೊಂದು ಡೈನೋಸಾರ್‌ಗೆ ‘ಓವಿರಾಪ್ಟರ್’, ಅಂದರೆ ಮೊಟ್ಟೆಗಳ್ಳ ಎಂದು ಹೆಸರಿಟ್ಟರು. ಸುಮಾರು 70 ವರ್ಷದ ನಂತರ ಅಂಥದೇ ಮೊಟ್ಟೆಯೊಳಗೆ ಭ್ರೂಣ ಸಿಕ್ಕಿತು. ಅದು ಓವಿರಾಪ್ಟರ್ ಬಳಗದ ಮರಿ! ಪಾಪದ ತಾಯಿಗೆ ಕಳ್ಳಿಯ ಪಟ್ಟ. ‘ಅಷ್ಟು ಓದಿದವರೂ ತಪ್ಪತಾರಂದ್ರ, ನಾ ಏನು ಮಹಾ’ ಎಂದು ಕಾಕಾ ಆಗ ಸ್ವಲ್ಪ ನಕ್ಕರು.

ನಿಮ್ಮೂರಲ್ಲೂ ಗುಂಡು ಸಿಕ್ಕರೆ

ಇದನ್ನು ಓದುವ ಗೆಳೆಯ–ಗೆಳತಿಯರಿಗೆ ನಾಲ್ಕು ಮಾತು.

ಒಂದು, ಆಕಾರ ಮತ್ತು ತೂಕ ನೋಡಿ ನಂಬಬೇಡಿ. ನದಿ, ಬಿಸಿಲು, ಮಳೆ ಎಲ್ಲವೂ ಕಲ್ಲನ್ನು ಗುಂಡಗೆ ಮಾಡುತ್ತವೆ. ನಿಜವಾದ ಮೊಟ್ಟೆ ಹೆಚ್ಚಾಗಿ ಚಪ್ಪಟೆಯಾಗಿ, ಬಿರುಕು ಬಿಟ್ಟು, ಅರ್ಧ ಒಡೆದೇ ಸಿಗುತ್ತದೆ. ತೀರಾ ಚೆಂದವಾಗಿದ್ದರೆ ಅನುಮಾನವೇ ಇರಲಿ.

ಎರಡು, ಚಿಪ್ಪು ಹುಡುಕಿ. ಚಿಪ್ಪಿಲ್ಲದೆ ಮೊಟ್ಟೆ ಎಂದು ಸಾಬೀತು ಮಾಡುವುದು ಬಹಳ ಕಷ್ಟ. ಕೊನೆಯ ಮಾತು ಸೂಕ್ಷ್ಮದರ್ಶಕದ್ದು. ಚಿಪ್ಪನ್ನು ತೆಳ್ಳಗೆ ಉಜ್ಜಿ ನೋಡಿದರೆ ಬೀಸಣಿಗೆಯಂತೆ ಹರಡಿದ ಹರಳುಗಳ ಸಾಲು ಕಾಣಬೇಕು. ಅದನ್ನು ಸಿಮೆಂಟಿನಿಂದ ಮಾಡಲಾಗದು.

ಮೂರು, ಅನುಮಾನ ಬಂದರೆ ಅಗೆದು ತರಬೇಡಿ, ಒಡೆಯಬೇಡಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆದು, ಜಾಗ ಗುರುತಿಸಿಕೊಂಡು, ಹತ್ತಿರದ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೋ ಜಿಎಸ್‌ಐ ಕಚೇರಿಗೋ ತಿಳಿಸಿ. ಜಾಗ ಬಿಟ್ಟು ಬಂದ ಮೊಟ್ಟೆ ವಿಳಾಸ ಹರಿದ ಪತ್ರದ ಹಾಗೆ.

ನಾಲ್ಕು, ‘ಸರ್ಟಿಫಿಕೇಟ್ ಮಾಡಿಸಲು ಮೊದಲು ಹಣ ಹಾಕಿ’ ಎನ್ನುವವನ ಮಾತಿಗೆ ಯಾವ ಪರೀಕ್ಷೆಯೂ ಬೇಡ. ಕಲ್ಲಿನ ವಿಷಯದಲ್ಲೂ ಅಷ್ಟೇ, ನೌಕರಿ ಕೊಡಿಸುತ್ತೇನೆ ಎನ್ನುವವರ ವಿಷಯದಲ್ಲೂ ಅಷ್ಟೇ.

ಸೋಮವಾರ ಆ ಮನುಷ್ಯನ ಫೋನ್ ಬಂತು. ಕಾಕಾ ಸ್ಪೀಕರ್ ಹಾಕಿ, ‘ನಮ್ಮ ಹುಡುಗಿ ಕಲ್ಲು ಓದ್ಯಾಳ. ನೀ ಒಮ್ಮೆ ಬಾ, ನಿನ್ನ ಬೆರಳಚ್ಚು ನಮ್ಮಲ್ಲೇ ಐತಿ’ ಎಂದರು. ಫೋನ್ ಕಟ್ಟಾಯಿತು. ಆ ನಂಬರ್ ಮತ್ತೆ ಹತ್ತಲಿಲ್ಲ. 35 ಸಾವಿರ ಹೋಯಿತು, ಎರಡು ಲಕ್ಷ ಉಳಿಯಿತು. ಮೊದಮೊದಲು ಯಾರಿಗೂ ಹೇಳಬೇಡ ಎಂದಿದ್ದ ಕಾಕಾ, ವಾರದ ನಂತರ ತಾವೇ ಪೊಲೀಸರಿಗೆ ದೂರು ಕೊಟ್ಟು ಬಂದರು. ಚಹಾದಂಗಡಿಯಲ್ಲೂ ಈ ಕಥೆ ಹೇಳಿದರು. ಪಕ್ಕದೂರಿನ ಒಬ್ಬರು ಅದನ್ನು ಕೇಳಿ, ಕೊಡಲಿದ್ದ ಮುಂಗಡ ಹಣವನ್ನು ಜೇಬಿಗೇ ಇಟ್ಟುಕೊಂಡರಂತೆ.

ಬಾವಿಯ ಗುಂಡಿನ ಒಂದು ಚೂರನ್ನು ಧಾರವಾಡಕ್ಕೆ ಒಯ್ದು ಉಜ್ಜಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಪಕ್ಕಾ ಬಸಾಲ್ಟ್. ಉಳಿದದ್ದು ಈಗ ಕಾಕಿಯ ನಿಂಬೆ ಉಪ್ಪಿನಕಾಯಿ ಭರಣಿಯ ಮೇಲೆ ಭಾರಕ್ಕೆ ಕುಳಿತಿದೆ. ನಾನು ಯುಪಿಎಸ್‌ಸಿಯ ಜಿಯೊ–ಸೈಂಟಿಸ್ಟ್ ಪರೀಕ್ಷೆಗೆ ಓದುತ್ತಿದ್ದೇನೆ, ನೌಕರಿ ಇನ್ನೂ ಸಿಕ್ಕಿಲ್ಲ. ಆದರೆ ಮೊನ್ನೆ ಯಾರೋ ‘ಕಲ್ಲು ಓದಿದ್ರ ಏನು ಉಪಯೋಗ?’ ಎಂದಾಗ, ಉತ್ತರ ಕೊಟ್ಟಿದ್ದು ನಾನಲ್ಲ, ಕಾಕಾ: ‘ನಮ್ಮ ಬೋರ್‌ವೆಲ್‌ನಾಗ ಬರೂ ನೀರು ಕುಡದು ನೋಡು, ಗೊತ್ತಾಗತೈತಿ.’