ಲೇಸರ್ ಕಿರಣಕ್ಕೆ ದಾರಿ ತೋರುವ ಮಸೂರ

ಭೂತಗನ್ನಡಿಯಿಂದ ಬಿಸಿಲನ್ನು ಒಂದೆಡೆ ಸೇರಿಸಿ ಕಾಗದ ಸುಡುವ ಪ್ರಯೋಗವನ್ನು ನಮ್ಮ ಕನ್ನಡ ಮಾಧ್ಯಮ ತರಗತಿಗಳಲ್ಲಿ ಪ್ರತಿವರ್ಷವೂ ಮಾಡಿಸುತ್ತೇವೆ. ಗಾಜನ್ನು ಕಾಗದದ ತೀರ ಹತ್ತಿರಕ್ಕೆ ತಂದರೆ ಬೆಳಕಿನ ಚುಕ್ಕೆ ಅಗಲವಾಗುತ್ತದೆ. ಕಾಗದ ಬೆಚ್ಚಗಾಗುತ್ತದೆಯೇ ಹೊರತು ಹೊತ್ತಿಕೊಳ್ಳುವುದಿಲ್ಲ. ಸರಿಯಾದ ದೂರದಲ್ಲಿ ಹಿಡಿದರೆ ಹೊಗೆ ಏಳುತ್ತದೆ. ಬಿಸಿಲೂ ಅದೇ, ಗಾಜೂ ಅದೇ. ಬದಲಾದದ್ದು ಚುಕ್ಕೆಯ ಅಗಲ ಮಾತ್ರ. ಮಧುಮೇಹದಿಂದ ಹಾನಿಗೊಂಡ ಕಣ್ಣಿಗೆ ಲೇಸರ್ ಚಿಕಿತ್ಸೆ ನೀಡುವ ವೈದ್ಯರ ಮುಂದಿರುವ ಪ್ರಶ್ನೆಯೂ ಬಹುಮಟ್ಟಿಗೆ ಇದೇ ಆಗಿದೆ.

ಬಹುಕಾಲದ ಮಧುಮೇಹವು ಕಣ್ಣಿನ ಹಿಂಭಾಗದ ಅಕ್ಷಿಪಟದ ಸೂಕ್ಷ್ಮ ರಕ್ತನಾಳಗಳನ್ನು ಕೆಡಿಸುತ್ತದೆ. ರಕ್ತ ಸಾಲದಾದಾಗ ಅಲ್ಲಿ ಹೊಸ ನಾಳಗಳು ಮೊಳೆಯುತ್ತವೆ. ಅವು ದುರ್ಬಲವಾದ್ದರಿಂದ ಸುಲಭವಾಗಿ ಒಡೆದು ಕಣ್ಣಿನೊಳಗೆ ರಕ್ತ ಸುರಿಸುತ್ತವೆ. ಕೆಲವೊಮ್ಮೆ ಅಕ್ಷಿಪಟವನ್ನೇ ಎಳೆದು ಬೇರ್ಪಡಿಸುತ್ತವೆ. ಇದನ್ನು ತಡೆಯಲು ಅಕ್ಷಿಪಟದ ಅಂಚಿನ ಭಾಗದಲ್ಲಿ ಲೇಸರಿನಿಂದ ನೂರಾರು ಚಿಕ್ಕ ಸುಟ್ಟ ಗುರುತುಗಳನ್ನು ಮಾಡುತ್ತಾರೆ. ಆಗ ಆ ಭಾಗದ ಆಮ್ಲಜನಕದ ಬೇಡಿಕೆ ತಗ್ಗಿ, ಹೊಸ ನಾಳಗಳಿಗೆ ಸಿಗುವ ಪ್ರಚೋದನೆಯೂ ಕುಗ್ಗುತ್ತದೆ. ತೀವ್ರ ದೃಷ್ಟಿನಾಶದ ಅಪಾಯವನ್ನು ಈ ವಿಧಾನವು ಅರ್ಧಕ್ಕಿಂತ ಹೆಚ್ಚು ತಗ್ಗಿಸುತ್ತದೆಂದು 1970ರ ದಶಕದಲ್ಲಿ ಅಮೆರಿಕದಲ್ಲಿ ನಡೆದ ದೊಡ್ಡ ಅಧ್ಯಯನವೊಂದು ತೋರಿಸಿತು. ಇಂದು ಕಣ್ಣಿನೊಳಗೆ ನೀಡುವ ಚುಚ್ಚುಮದ್ದುಗಳೂ ಇವೆ; ಆದರೂ ಲೇಸರ್ ತನ್ನ ಸ್ಥಾನವನ್ನು ಉಳಿಸಿಕೊಂಡಿದೆ.

ಬೆಳಕಿನಿಂದ ಅಕ್ಷಿಪಟವನ್ನು ಸುಟ್ಟು ಗುಣಪಡಿಸುವ ಆಲೋಚನೆ ಲೇಸರಿಗಿಂತ ಹಳೆಯದು. 1945ರ ಸೂರ್ಯಗ್ರಹಣವನ್ನು ಬರಿಗಣ್ಣಿನಿಂದ ನೋಡಿ ಕಣ್ಣು ಸುಟ್ಟುಕೊಂಡವರನ್ನು ಪರೀಕ್ಷಿಸಿದ ಜರ್ಮನಿಯ ವೈದ್ಯ ಗೆರ್ಡ್ ಮೆಯರ್‌ಶ್ವಿಕರಾತ್, ಹಾನಿ ಮಾಡಿದ ಅದೇ ಬೆಳಕನ್ನು ಔಷಧವಾಗಿಸಬಹುದೆಂದು ಯೋಚಿಸಿದರು. ಮೊದಲು ಸೂರ್ಯನ ಬೆಳಕನ್ನು, ಅನಂತರ ಕ್ಸೆನಾನ್ ದೀಪವನ್ನು ಬಳಸಿದರು. 1960ರಲ್ಲಿ ಥಿಯೋಡರ್ ಮೈಮನ್ ಲೇಸರನ್ನು ನಿರ್ಮಿಸಿದ ಮೇಲೆ ಈ ಕೆಲಸಕ್ಕೆ ಹೆಚ್ಚು ನಿಖರವಾದ ಬೆಳಕು ದೊರೆಯಿತು.

ಆದರೆ ಬೆಳಕು ಎಷ್ಟು ನಿಖರವಾಗಿದ್ದರೂ ಅದು ರೋಗಿಯ ಕಣ್ಣನ್ನು ಹಾದೇ ಒಳಹೋಗಬೇಕು. ಕಣ್ಣಿನ ಒಟ್ಟು ವಕ್ರೀಭವನ ಸಾಮರ್ಥ್ಯ ಸುಮಾರು 60 ಡಯಾಪ್ಟರ್; ಅದರಲ್ಲಿ ಸುಮಾರು 43 ಡಯಾಪ್ಟರ್ ಮುಂಭಾಗದ ಪಾರದರ್ಶಕ ಪಟಲ ಕಾರ್ನಿಯಾದ್ದು. ಕೆರೆಯಲ್ಲಿ ಮುಳುಗಿ ಕಣ್ಣು ತೆರೆದರೆ ಎಲ್ಲವೂ ಮಸುಕಾಗಿ ಕಾಣುವುದು ನಮಗೆ ಗೊತ್ತಿದೆ. ಕಾರ್ನಿಯಾಕ್ಕೆ ನೀರು ತಾಗಿದಾಗ ಅದು ಬೆಳಕನ್ನು ಬಾಗಿಸುವ ಶಕ್ತಿಯನ್ನು ಬಹುಪಾಲು ಕಳೆದುಕೊಳ್ಳುವುದೇ ಇದಕ್ಕೆ ಕಾರಣ. ಚಿಕಿತ್ಸೆಯ ಮಸೂರವು ಇದೇ ತತ್ತ್ವವನ್ನು ಬಳಸುತ್ತದೆ. ಮರಗಟ್ಟಿಸುವ ಹನಿ ಹಾಕಿ, ಜೆಲ್ ಸವರಿದ ಮಸೂರವನ್ನು ಕಣ್ಣಿಗೆ ತಾಗಿಸಿ ಹಿಡಿಯುತ್ತಾರೆ. ನಡುವೆ ಗಾಳಿ ಇರದ ಕಾರಣ ಕಾರ್ನಿಯಾದ ಪ್ರಭಾವ ಅಡಗಿ, ಬೆಳಕಿನ ನಡೆ ಮಸೂರದ ಆಕಾರಕ್ಕೆ ಅಧೀನವಾಗುತ್ತದೆ.

ಇಲ್ಲಿ ಎರಡು ಬಗೆಯ ವಿನ್ಯಾಸಗಳು ಮುಖ್ಯ. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಹಾನ್ಸ್ ಗೋಲ್ಡ್‌ಮನ್ ರೂಪಿಸಿದ ಮೂರು ಕನ್ನಡಿಗಳ ಮಸೂರದ ಹೊರಮುಖ ಚಪ್ಪಟೆ. ನಡುಭಾಗದಿಂದ ಅಕ್ಷಿಪಟದ ಕೇಂದ್ರ ಕಾಣುತ್ತದೆ. ಬೇರೆ ಬೇರೆ ಕೋನದಲ್ಲಿ ಓರೆಯಾಗಿಟ್ಟ ಕನ್ನಡಿಗಳಿಂದ ಅಂಚುಗಳು ಕಾಣುತ್ತವೆ. ಆದರೆ ಒಮ್ಮೆಗೆ ಕಾಣುವುದು ಸಣ್ಣ ಭಾಗ ಮಾತ್ರ. ಎರಡನೆಯ ಬಗೆಯವು ಬಲವಾದ ಪೀನ ಮಸೂರಗಳು. ಇವು ತಲೆಕೆಳಗಾದ ಬಿಂಬವನ್ನು ಮೂಡಿಸುತ್ತವೆ. ಆದರೆ ಅಕ್ಷಿಪಟದ ಬಹುಭಾಗವನ್ನು ಒಟ್ಟಿಗೇ ತೋರಿಸುತ್ತವೆ.

ಅಗಲವಾದ ನೋಟಕ್ಕೆ ಒಂದು ಬೆಲೆಯಿದೆ. ಮಸೂರವು ಅಕ್ಷಿಪಟವನ್ನು ಎಷ್ಟು ಕುಗ್ಗಿಸಿ ತೋರಿಸುತ್ತದೆಯೋ, ಒಳಹೋಗುವ ಲೇಸರ್ ಚುಕ್ಕೆಯನ್ನು ಅಷ್ಟೇ ಹಿಗ್ಗಿಸುತ್ತದೆ. ಗೋಲ್ಡ್‌ಮನ್ ಮಸೂರದಲ್ಲಿ ಬಿಂಬ 0.93 ಪಟ್ಟು, ಚುಕ್ಕೆ 1.08 ಪಟ್ಟು. ಅಗಲ ನೋಟದ ಕೆಲವು ಮಸೂರಗಳಲ್ಲಿ ಬಿಂಬ ಅರ್ಧ, ಚುಕ್ಕೆ ಎರಡು ಪಟ್ಟು. ಯಂತ್ರದಲ್ಲಿ 250 ಮೈಕ್ರಾನ್ ಎಂದು ಹೊಂದಿಸಿದರೆ ಮೊದಲನೆಯದರಲ್ಲಿ ಸುಮಾರು 270, ಎರಡನೆಯದರಲ್ಲಿ 500 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರ್ ಅಗಲದ ಚುಕ್ಕೆ ಬೀಳುತ್ತದೆ. ವ್ಯಾಸ ಎರಡು ಪಟ್ಟಾದರೆ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆಂಬುದು ಶಾಲೆಯ ಗಣಿತ. ಅದೇ ಶಕ್ತಿ ನಾಲ್ಕು ಪಟ್ಟು ಜಾಗಕ್ಕೆ ಹರಡಿದರೆ ತೀವ್ರತೆ ಕಾಲುಭಾಗಕ್ಕೆ ಇಳಿಯುತ್ತದೆ. ಮಸೂರ ಬದಲಿಸಿ ಈ ಲೆಕ್ಕವನ್ನು ಮರೆತರೆ ಒಂದೋ ಚಿಕಿತ್ಸೆ ಸಾಲದೆ ಹೋಗುತ್ತದೆ, ಇಲ್ಲವೇ ಅತಿಯಾಗಿ ಸುಟ್ಟು ರಕ್ತಸ್ರಾವವೂ ಆಗಬಹುದು.

ಇನ್ನೊಂದು ತೊಡಕು ಚುಕ್ಕೆಯ ಆಕಾರದ್ದು. ಸಾಧಾರಣ ಗೋಳೀಯ ಮಸೂರದ ಅಂಚಿನಲ್ಲಿ ಓರೆಯಾಗಿ ಹಾದ ಕಿರಣಗಳು ಒಂದೇ ಬಿಂದುವಿನಲ್ಲಿ ಕೂಡುವುದಿಲ್ಲ. ದುಂಡಗಿರಬೇಕಾದ ಚುಕ್ಕೆ ಉದ್ದಕ್ಕೆ ಎಳೆದಂತಾಗಿ, ಶಾಖ ಸಮನಾಗಿ ಹಂಚಿಕೆಯಾಗುವುದಿಲ್ಲ. ಆದುದರಿಂದ ಈಗಿನ ಮಸೂರಗಳ ಬಾಗನ್ನು ನಡುವಿನಿಂದ ಅಂಚಿಗೆ ಸ್ವಲ್ಪಸ್ವಲ್ಪವೇ ಬದಲಾಗುವಂತೆ ಉಜ್ಜಿ ರೂಪಿಸುತ್ತಾರೆ. ಕಿರಣವು ಹಿಂದಕ್ಕೆ ಪ್ರತಿಫಲಿಸದಂತೆ ತೆಳುವಾದ ಲೇಪನವನ್ನೂ ಕೊಡುತ್ತಾರೆ.

ಇಷ್ಟೆಲ್ಲ ನಿಖರತೆಯ ಕೊನೆಯ ಕೊಂಡಿ ರೋಗಿಯೇ. ಗಲ್ಲವನ್ನು ಆಧಾರದ ಮೇಲಿಟ್ಟು, ‘ನೇರ ನೋಡಿ’, ‘ಮೇಲೆ ನೋಡಿ’ ಎಂದಾಗ ಹಾಗೆಯೇ ನೋಡಬೇಕು. ಕಣ್ಣು ಹೊರಳಿದರೆ ಅಂಚು ಇದ್ದ ಜಾಗಕ್ಕೆ ನೋಟದ ಕೇಂದ್ರವೇ ಬಂದುಬಿಡಬಹುದು. ಅಲ್ಲಿ ಸುಟ್ಟರೆ ಆ ನಷ್ಟ ಮರಳಿ ತುಂಬುವುದಿಲ್ಲ. ನಮ್ಮೂರಿನ ಹಿರಿಯರೊಬ್ಬರನ್ನು ಚಿಕಿತ್ಸೆಗೆ ಕರೆದೊಯ್ದಾಗ, ಭಾಷೆ ತಿಳಿಯದ ಅವರು ಪ್ರತಿಸಲವೂ ದನಿ ಬಂದತ್ತ ಕಣ್ಣು ಹೊರಳಿಸುತ್ತಿದ್ದರು. ವೈದ್ಯರು ಕೆಲಸ ನಿಲ್ಲಿಸಿ, ನಮ್ಮನ್ನು ಒಳಗೆ ಕರೆದು ಕನ್ನಡದಲ್ಲಿ ಹೇಳಿಸಿದರು. ಆ ಬಳಿಕ ಅವರು ಅಲುಗಲಿಲ್ಲ.

ಕಾಸರಗೋಡಿನಿಂದ ಅಕ್ಕಲಕೋಟೆಯವರೆಗೆ ಗಡಿಯಾಚೆಯ ಕನ್ನಡಿಗರಾದ ನಮಗೆ ಇದು ಅಭಿಮಾನದ ಮಾತಷ್ಟೇ ಅಲ್ಲ, ದೃಷ್ಟಿಯ ಮಾತು. ಮಧುಮೇಹವಿರುವವರು ತೊಂದರೆ ಕಾಣದಿದ್ದರೂ ವರ್ಷಕ್ಕೊಮ್ಮೆ ಅಕ್ಷಿಪಟದ ಪರೀಕ್ಷೆ ಮಾಡಿಸಿಕೊಳ್ಳಬೇಕು. ಲೇಸರಿಗೆ ಹೋಗುವಾಗ ಅಲ್ಲಿನ ಭಾಷೆ ಬಲ್ಲವರೊಬ್ಬರು ಜೊತೆಗಿರಲಿ. ‘ನೇರ’, ‘ಮೇಲೆ’, ‘ಕೆಳಗೆ’, ‘ಅಲುಗಬೇಡಿ’ ಎಂಬುದಕ್ಕೆ ಅಲ್ಲಿ ಏನೆನ್ನುತ್ತಾರೆಂದು ಮೊದಲೇ ಕೇಳಿ ತಿಳಿದುಕೊಳ್ಳಿ. ಗಡಿಭಾಗದ ಸರಕಾರಿ ಆಸ್ಪತ್ರೆಗಳಲ್ಲಿ ಈ ಸೂಚನೆಗಳ ಕನ್ನಡ ಫಲಕವೊಂದು ಇರಲೆಂದು ನಾವು ಮನವಿ ಸಲ್ಲಿಸೋಣ. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ; ಆ ಮನವಿಯನ್ನು ಕನ್ನಡದಲ್ಲಿಯೇ ಬರೆಯೋಣ.